ಬಾಯಿ ಕ್ಯಾನ್ಸರಿಗೆ ನ್ಯಾನೊ ಔಷಧ: ರಕ್ತದ ದಾರಿಯೋ, ಲೋಳೆಪೊರೆಯ ದಾರಿಯೋ?

ಗಡ್ಡೆಯೊಳಗಿನ ರಕ್ತನಾಳಗಳು ಸೋರುತ್ತವೆ, ಸೋರಿದ ದೊಡ್ಡ ಅಣುಗಳು ಅಲ್ಲೇ ಉಳಿದುಬಿಡುತ್ತವೆ ಎಂದು ಜಪಾನಿನ ಮಾತ್ಸುಮುರಾ ಮತ್ತು ಮಯೇಡಾ 1986ರಲ್ಲಿ ತೋರಿಸಿದರು. ನ್ಯಾನೊ ಔಷಧಗಳ ಮೇಲಿನ ಭರವಸೆ ಬಹುಮಟ್ಟಿಗೆ ಹುಟ್ಟಿದ್ದು ಇಲ್ಲಿಂದ. ಆದರೆ 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ಪ್ರಮಾಣದಲ್ಲಿ ಗಡ್ಡೆ ಮುಟ್ಟಿದ್ದರ ಮಧ್ಯಾಂಕ ಶೇ. 0.7 ಮಾತ್ರ. ಬಹಳಷ್ಟನ್ನು ಯಕೃತ್ತು ಮತ್ತು ಗುಲ್ಮ ದಾರಿಯಲ್ಲೇ ಹಿಡಿದುಬಿಡುತ್ತವೆ.

ಒಳಾಂಗಗಳ ಗಡ್ಡೆಗೆ ಬೇರೆ ದಾರಿ ಕಷ್ಟ, ಒಪ್ಪೋಣ. ಆದರೆ ನಾಲಿಗೆ ಅಥವಾ ಕೆನ್ನೆಯ ಒಳಬದಿಯ ಗಡ್ಡೆ ಬೆರಳಿಗೇ ಸಿಗುತ್ತದೆ. ಅದಕ್ಕೂ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧವನ್ನು ರಕ್ತನಾಳದ ಮೂಲಕವೇ ಕೊಟ್ಟು, ಮೂತ್ರಪಿಂಡ ಮತ್ತು ಕಿವಿಗೆ ಹಾನಿ ತಂದುಕೊಳ್ಳುವುದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆಯೇ ಸರಿ.

ಪಿಆರ್‌ವಿ111 ಎಂಬ, ಗಡ್ಡೆಯ ಮೇಲೆಯೇ ಇಡುವ ಔಷಧದ ಪಟ್ಟಿ ಈ ಸುತ್ತನ್ನು ತಪ್ಪಿಸುತ್ತದೆ. ಇದರಲ್ಲಿ ಸಿಸ್‌ಪ್ಲಾಟಿನ್ ತುಂಬಿದ ಕೈಟೋಸಾನ್ ಕಣಗಳಿವೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುವ ಕೈಟೋಸಾನ್‌ಗೆ ಧನ ವಿದ್ಯುದಂಶವಿದ್ದು, ಋಣ ವಿದ್ಯುದಂಶದ ಲೋಳೆಗೆ ಅದು ಅಂಟಿಕೊಳ್ಳುತ್ತದೆ. 2022ರಲ್ಲಿ ಪ್ರಕಟವಾದ ವರದಿಯಂತೆ, ಶಸ್ತ್ರಚಿಕಿತ್ಸೆಗೆ ಮುಂಚೆ ಈ ಪಟ್ಟಿ ಇಟ್ಟ ರೋಗಿಗಳಲ್ಲಿ ಸುಮಾರು 7 ದಿನಗಳಲ್ಲಿ ಗಡ್ಡೆಯ ಗಾತ್ರ ಶೇ. 69ರಷ್ಟು ಕುಗ್ಗಿತು, ಶೇ. 87ಕ್ಕೂ ಹೆಚ್ಚು ಮಂದಿಯಲ್ಲಿ ಪರಿಣಾಮ ಕಂಡಿತು; ಔಷಧದಿಂದ ಗಂಭೀರ ತೊಂದರೆಯಾಗಲಿಲ್ಲ. ಪ್ರಾಣಿಗಳಲ್ಲಿ ಕಣಗಳು ದುಗ್ಧನಾಳಗಳಿಗೂ ಇಳಿದದ್ದು ನನ್ನ ಮಟ್ಟಿಗೆ ಇನ್ನೂ ಮಹತ್ವದ್ದು: ಈ ಕ್ಯಾನ್ಸರ್ ಮೊದಲು ಹರಡುವುದು ಕತ್ತಿನ ದುಗ್ಧಗ್ರಂಥಿಗಳಿಗೆ.

ಇಷ್ಟಕ್ಕೇ ಹಿಗ್ಗಬೇಕಿಲ್ಲ. ಪರೀಕ್ಷೆ ಚಿಕ್ಕದು, ಹೋಲಿಕೆಯ ಗುಂಪು ಇರಲಿಲ್ಲ, ನಿಗಾ ಇಟ್ಟದ್ದು ಆರು ತಿಂಗಳು. ಗಡ್ಡೆ ಕುಗ್ಗಿದ ಮಾತ್ರಕ್ಕೆ ಆಯಸ್ಸು ಹೆಚ್ಚಿತೆನ್ನಲಾಗದು.

ನಮ್ಮ ರೋಗಿಗಳಲ್ಲಿ ತೊಡಕು ಬೇರೆಯೇ. ಭಾರತದ ಗಂಡಸರಲ್ಲಿ ಮುಂಚೂಣಿಯಲ್ಲಿರುವ ಕ್ಯಾನ್ಸರ್ ಇದು. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಕಾರಣ. ಅಡಿಕೆ ಜಗಿಯುವವರ ಲೋಳೆಪೊರೆಯ ಅಡಿಯಲ್ಲಿ ನಾರು ಬೆಳೆದು ಕೆನ್ನೆ ಬಿಗಿಯುತ್ತದೆ. ಬಾಯಿಯೊಳಗೆ ಎರಡು ಬೆರಳೂ ತೂರದ ಸ್ಥಿತಿಯಲ್ಲಿ ಹಲವರು ಆಸ್ಪತ್ರೆಗೆ ಬರುತ್ತಾರೆ. ಪಟ್ಟಿ ಇಡುವುದು ಎಲ್ಲಿ? ಇಟ್ಟರೂ ಆ ಗಟ್ಟಿ ನಾರಿನ ಪದರವನ್ನು ಕಣಗಳು ದಾಟಬಲ್ಲವೇ? ದವಡೆಯ ಮೂಳೆ ಕೊರೆದಿರುವ ಗಡ್ಡೆಗೆ ಮೇಲ್ಮೈಯ ಔಷಧ ಸಾಲುವ ಸಂಭವವೂ ಕಡಿಮೆ. ಆದ್ದರಿಂದ ಇಲ್ಲಿ ನಡೆಸುವ ಪರೀಕ್ಷೆ ಮೊದಲು ತೆಳುವಾದ ಆರಂಭದ ಗಡ್ಡೆಗಳನ್ನು ಆರಿಸಿಕೊಳ್ಳಬೇಕು. ಗಡ್ಡೆಯ ಆಳದ ಜೊತೆಗೆ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆಂಬುದನ್ನೂ ದಾಖಲಿಸಬೇಕು. ನಾರುಗಟ್ಟಿದ ಬಾಯಿಯವರ ಫಲಿತಾಂಶವನ್ನು ಬೇರೆಯಾಗಿಯೇ ವಿಶ್ಲೇಷಿಸಬೇಕು.