ಪದ ಪರಿಚಯ: ಪೇಟೆ

ಕೋಟೆಯ ಆಶ್ರಯದಲ್ಲಿ ಬೆಳೆದ ವಾಣಿಜ್ಯವಸತಿಗೆ ಕನ್ನಡದಲ್ಲಿ ರೂಢಿಯಾದ ಹೆಸರು ‘ಪೇಟೆ’. ತಮಿಳಿನಲ್ಲಿ ‘ಪೇಟ್ಟೈ’, ತೆಲುಗಿನಲ್ಲಿ ‘ಪೇಟ’ ಎಂದಿರುವ ಈ ಪದವೇ ಮರಾಠಿಯಲ್ಲಿ ‘ಪೇಠ’ವೆಂಬ ರೂಪದಿಂದ ಪ್ರಚುರವಾಗಿದೆ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳು ಸರಕಿನಿಂದ ನಾಮಧೇಯವನ್ನು ಪಡೆದರೆ, ಪುಣೆಯಲ್ಲಿ ಸೋಮವಾರ ಮೊದಲಾಗಿ ರವಿವಾರದವರೆಗಿನ ಏಳು ದಿನಗಳೂ ಏಳು ಪೇಠಗಳ ಹೆಸರಾಗಿವೆ. ಸದಾಶಿವ, ನಾರಾಯಣ ಪೇಠಗಳು ಪೇಶ್ವೆ ವಂಶದವರ ಸ್ಮರಣೆಯನ್ನುಳಿಸಿವೆ. ಕಸಬಾ ಪೇಠವು ಇವೆಲ್ಲಕ್ಕಿಂತ ಪ್ರಾಚೀನವಾದುದು.

ಬೀದಿಯು ಬೀದಿಯನ್ನು ಕೂಡುವುದೂ, ಕಿರಿದಾದ ಓಣಿಯು ಮತ್ತೊಂದು ಓಣಿಗೆ ದಾರಿಗೊಡುವುದೂ, ಚೌಕದಿಂದ ಚೌಕಕ್ಕೆ ಕಾಲ್ನಡಿಗೆಯಲ್ಲಿ ಸಾಗಬಹುದಾಗಿರುವುದೂ ಪೇಟೆಯ ಜೀವಲಕ್ಷಣ. 1961ರಲ್ಲಿ ಪಾನಶೇತ ಅಣೆಕಟ್ಟು ಒಡೆದು ಬಂದ ಪ್ರಳಯದ ತರುವಾಯ ಪುಣೆ ನಗರವು ಹೊರಹೊರಗೆ ಹಬ್ಬಿತು. 2021ರಲ್ಲಿ 23 ಗ್ರಾಮಗಳು ಪೌರಸೀಮೆಯೊಳಗೆ ಸೇರಿದುವು. ಆದರೆ ಹೊಲದ ಬದುವನ್ನನುಸರಿಸಿ ಒಂದೊಂದಾಗಿ ಎದ್ದ ಆವರಣಬದ್ಧ ವಸತಿಗಳಲ್ಲಿ ಒಳದಾರಿಗಳು ಗೋಡೆಯೆದುರು ನಿಲ್ಲುವುದರಿಂದ, ಕೂಗಳತೆಯ ನೆರೆಮನೆಗೂ ಹೆದ್ದಾರಿಯನ್ನು ಬಳಸಿ ಹೋಗಬೇಕಾಗುತ್ತದೆ; ಸಂಚಾರಭಾರವೆಲ್ಲವೂ ಕೆಲವೇ ಮಾರ್ಗಗಳ ಮೇಲೆ ಬೀಳುತ್ತದೆ.

ನಮ್ಮ ಹಳ್ಳಿಗರು ‘ಪೇಟೆಗೆ ಹೋಗಿ ಬರುತ್ತೇನೆ’ ಎನ್ನುವಾಗ ಆ ಮಾತಿನಲ್ಲಿ ಸರಕಿನೊಡನೆ ಜನಸಂಗಮವೂ ಧ್ವನಿತವಾಗುತ್ತದೆ. ನಗರ ಬೆಳೆಯುವಾಗ ಉಳಿಸಿಕೊಳ್ಳಬೇಕಾದುದು ಆ ಸಂಗಮವನ್ನೇ.