ವರ್ಷಕ್ಕೊಮ್ಮೆ ಕೀಲಿ ಕೊಡುವ ಗಡಿಯಾರ

ಶತಮಾನೋತ್ಸವವೆಂದರೆ ಕಾಲದ ಲೆಕ್ಕ. ಆದುದರಿಂದ ಕಾಲವನ್ನು ಅಳೆಯುವ ಒಂದು ಯಂತ್ರದ ಚರಿತ್ರೆಗೂ ಈ ಸಂಚಿಕೆಯಲ್ಲಿ ಎಡೆಯಿರಲಿ ಎಂದು ನಾವು ಬಯಸಿದೆವು. ನಮ್ಮ ಶಾಲೆಯ ಜಗಲಿಯಲ್ಲಿ ತೂಗುವ ಕಬ್ಬಿಣದ ಹಳಿಯ ತುಂಡು ಮೊಳಗುವುದು ಗೋಡೆಯ ಗಡಿಯಾರವನ್ನು ನೋಡಿ. ಗಡಿಯಾರದ ಮಾತನ್ನು ಹೀಗೆ ಸಂಶಯವಿಲ್ಲದೆ ನಂಬುವ ಅಭ್ಯಾಸ ಮನುಷ್ಯನಿಗೆ ಬಂದು ಬಹಳ ಶತಮಾನಗಳೇನೂ ಸಂದಿಲ್ಲ.

1656ರಲ್ಲಿ ಡಚ್ ವಿದ್ವಾಂಸ ಕ್ರಿಸ್ಟಿಯಾನ್ ಹೈಗೆನ್ಸ್ ಲೋಲಕವನ್ನು ಗಡಿಯಾರಕ್ಕೆ ಅಳವಡಿಸುವವರೆಗೆ, ಒಳ್ಳೆಯ ಗಡಿಯಾರವೂ ದಿನಕ್ಕೆ ಸುಮಾರು ಕಾಲುಗಂಟೆ ಹಿಂದುಮುಂದಾಗುತ್ತಿತ್ತು. ಲೋಲಕ ಬಂದ ಮೇಲೆ ಆ ದೋಷ ಕೆಲವೇ ಸೆಕೆಂಡುಗಳಿಗೆ ಇಳಿಯಿತು. ಎರಡು ವರ್ಷಗಳಲ್ಲಿ ಈ ವಿದ್ಯೆ ಲಂಡನಿಗೆ ತಲುಪಿತು. ಅಲ್ಲಿ ರೂಪುಗೊಂಡ ಬಗೆಗಳಲ್ಲೊಂದು ಮೇಜಿನ ಗಡಿಯಾರ: ತೂಕದ ಗುಂಡುಗಳ ಬದಲು ಸ್ಪ್ರಿಂಗಿನ ಬಲದಿಂದ ನಡೆಯುವಂಥದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಲೆಂದು ಬಹುಪಾಲಿನವಕ್ಕೆ ನೆತ್ತಿಯಲ್ಲಿ ಹಿಡಿಯಿರುತ್ತಿತ್ತು. ಕೆಲವಕ್ಕೆ ಒಂದು ದಾರವೂ ಇತ್ತು. ಕತ್ತಲಲ್ಲಿ ಅದನ್ನು ಎಳೆದರೆ ಗಡಿಯಾರ ಮತ್ತೊಮ್ಮೆ ಗಂಟೆ ಬಾರಿಸಿ ಹೊತ್ತು ತಿಳಿಸುತ್ತಿತ್ತು. ದೀಪ ಹಚ್ಚುವುದೇ ಒಂದು ಕೆಲಸವಾಗಿದ್ದ ಕಾಲವದು.

ಇಂತಹ ಗಡಿಯಾರಗಳಲ್ಲಿ ಅಗ್ರಗಣ್ಯವಾದುದೊಂದು ಇಂದು ಲಂಡನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಮೂರನೆಯ ವಿಲಿಯಂ ದೊರೆಗಾಗಿ 1690ರ ಸುಮಾರಿಗೆ ಇದನ್ನು ನಿರ್ಮಿಸಿದವನು ಥಾಮಸ್ ಟಾಂಪಿಯನ್. ಕರಿಮರದ ಹೊದಿಕೆ, ಬೆಳ್ಳಿ ಮತ್ತು ಚಿನ್ನದ ಲೇಪದ ಹಿತ್ತಾಳೆಯ ಅಲಂಕಾರ, ಶಿರೋಭಾಗದಲ್ಲಿ ಬ್ರಿಟಾನಿಯಾ ದೇವಿಯ ವಿಗ್ರಹ. ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ನಮ್ಮ ಮಟ್ಟಿಗೆ ಅದರ ನಿಜವಾದ ಬೆಡಗು ಒಳಗಿದೆ. ಒಮ್ಮೆ ಕೀಲಿ ಕೊಟ್ಟರೆ ಅದು ಒಂದು ವರ್ಷ ನಡೆಯುತ್ತದೆ. ನಡೆಯುವುದಷ್ಟೇ ಅಲ್ಲ, ಗಂಟೆಗಳನ್ನೂ ಬಾರಿಸುತ್ತದೆ. ಹನ್ನೆರಡು ಗಂಟೆಗಳ ಒಂದು ಸುತ್ತಿಗೆ 78 ಪೆಟ್ಟು, ದಿನಕ್ಕೆ 156. ವರ್ಷಕ್ಕೆ ಎಷ್ಟೆಂದು ನಮ್ಮ ಏಳನೆಯ ತರಗತಿಯ ಮಕ್ಕಳು ಗುಣಿಸಿ ಹೇಳಿದರು: 56,940. ಅಷ್ಟೂ ಪೆಟ್ಟುಗಳಿಗೆ ಬೇಕಾದ ಬಲ ಎರಡಡಿಯನ್ನು ತುಸುವೇ ಮೀರುವ ಎತ್ತರದ ಪೆಟ್ಟಿಗೆಯೊಳಗಿನ ಸ್ಪ್ರಿಂಗಿನಲ್ಲಿ ಅಡಗಿರಬೇಕು.

ಇಲ್ಲೊಂದು ತೊಡಕಿದೆ. ಆಗತಾನೆ ಬಿಗಿದ ಸ್ಪ್ರಿಂಗು ಬಲವಾಗಿ ಎಳೆಯುತ್ತದೆ, ಬಿಚ್ಚುತ್ತ ಹೋದಂತೆ ಅದರ ಎಳೆತ ಕುಗ್ಗುತ್ತದೆ. ಹಾಗೆಯೇ ಬಿಟ್ಟರೆ ಮೊದಲ ತಿಂಗಳ ನಡೆ ಒಂದು, ಕೊನೆಯ ತಿಂಗಳ ನಡೆ ಇನ್ನೊಂದು. ಇದಕ್ಕೆ ಹಿಂದಿನಿಂದಲೇ ತಿಳಿದಿದ್ದ ಪರಿಹಾರ ಶಂಕುವಿನಾಕಾರದ ಒಂದು ಉರುಳೆ. ಸ್ಪ್ರಿಂಗಿಗೆ ಬಲವಿರುವಾಗ ಅದು ಉರುಳೆಯ ಕಿರಿದಾದ ತುದಿಯನ್ನು ಎಳೆಯುತ್ತದೆ, ಬಲ ಕುಂದಿದಾಗ ಅಗಲವಾದ ಭಾಗವನ್ನು. ಹೀಗೆ ಎಳೆತ ಸಮವಾಗುತ್ತದೆ. ಇದನ್ನು ವರ್ಷದುದ್ದಕ್ಕೂ ಸಾಧಿಸಬೇಕಾದರೆ ಪ್ರತಿಯೊಂದು ಹಲ್ಲೂ ಎಷ್ಟು ನುಣುಪಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಟಾಂಪಿಯನ್ ಹುಟ್ಟಿದ್ದು 1639ರಲ್ಲಿ, ಬೆಡ್‌ಫರ್ಡ್‌ಷೈರಿನ ಇಕ್‌ವೆಲ್ ಎಂಬ ಹಳ್ಳಿಯಲ್ಲಿ. ತಂದೆ ಕಮ್ಮಾರ. 1671ರಲ್ಲಿ ಲಂಡನಿನ ಗಡಿಯಾರ ಕುಶಲಿಗಳ ಸಂಘವನ್ನು ಸೇರಿದ ಆತನಿಗೆ ಮೂರು ವರ್ಷಗಳ ಬಳಿಕ ವಿಜ್ಞಾನಿ ರಾಬರ್ಟ್ ಹುಕ್‌ನ ಪರಿಚಯವಾಯಿತು. 1675ರಲ್ಲಿ ಇಬ್ಬರೂ ಸೇರಿ ಎರಡನೆಯ ಚಾರ್ಲ್ಸ್ ದೊರೆಗಾಗಿ ಸುರುಳಿ ಸ್ಪ್ರಿಂಗಿನ ಜೇಬುಗಡಿಯಾರವೊಂದನ್ನು ಸಿದ್ಧಪಡಿಸಿದರು. ಕಂಡುಹಿಡಿದವನು ಹುಕ್, ಮಾಡಿದವನು ಟಾಂಪಿಯನ್ ಎಂದು ಎರಡೂ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿತ್ತು. ಪಂಡಿತನ ಹೆಸರಿನ ಪಕ್ಕದಲ್ಲಿ ಕಮ್ಮಾರನ ಮಗನ ಹೆಸರೂ ನಿಂತಿತೆಂಬುದು ನಮಗೆ ಸಂತೋಷದ ಸಂಗತಿ. ಮರುವರ್ಷ ಗ್ರೀನಿಚ್ ವೀಕ್ಷಣಾಲಯಕ್ಕೆ ಹದಿಮೂರು ಅಡಿಯ ಲೋಲಕಗಳುಳ್ಳ ಎರಡು ಗಡಿಯಾರಗಳನ್ನು ಆತ ಮಾಡಿಕೊಟ್ಟ. ಭೂಮಿ ಒಂದೇ ವೇಗದಲ್ಲಿ ತಿರುಗುತ್ತದೆಯೇ ಎಂಬುದನ್ನು ಖಗೋಳಜ್ಞ ಫ್ಲಾಮ್‌ಸ್ಟೀಡ್ ಪರೀಕ್ಷಿಸಿದ್ದು ಅವುಗಳ ನೆರವಿನಿಂದ.

ಜೀವಮಾನದಲ್ಲಿ ಆತನ ಕಾರ್ಯಾಗಾರದಿಂದ ಹೊರಬಂದವು ಸುಮಾರು 5,500 ಜೇಬುಗಡಿಯಾರಗಳು, 650ರಷ್ಟು ದೊಡ್ಡ ಗಡಿಯಾರಗಳು. 1680ರ ದಶಕದಿಂದ ಅವುಗಳಿಗೆ ಕ್ರಮಸಂಖ್ಯೆ ಹಾಕತೊಡಗಿದ. ಆತನ ಹೆಸರನ್ನು ಕದ್ದು ಕೆತ್ತಿದ ಖೋಟಾ ಮಾಲೂ ಮಾರುಕಟ್ಟೆಯಲ್ಲಿತ್ತು. ಅಸಲಿಯನ್ನು ಗುರುತಿಸುವುದಕ್ಕೆ ಇಂದಿಗೂ ವಿದ್ವಾಂಸರಿಗೆ ಆ ಅಂಕಿಗಳು ಆಧಾರವಾಗಿವೆ.

ಅವಿವಾಹಿತನಾಗಿಯೇ ಉಳಿದ ಟಾಂಪಿಯನ್‌ನ ಕೆಲಸವನ್ನು ಮುಂದುವರಿಸಿದವನು ಆತನ ಸೋದರನ ಮಗಳನ್ನು ವರಿಸಿದ ಜಾರ್ಜ್ ಗ್ರಹಾಂ. ಹಡಗಿನಲ್ಲಿ ನಡೆಯುವ ಗಡಿಯಾರದ ಕನಸು ಹೊತ್ತು ಬಡಗಿ ಜಾನ್ ಹ್ಯಾರಿಸನ್ ಲಂಡನಿಗೆ ಬಂದಾಗ, ಗ್ರಹಾಂ ಅವನ ಮಾತನ್ನು ಹಗಲಿಡೀ ಆಲಿಸಿ, ಬಡ್ಡಿಯಿಲ್ಲದೆ ಸಾಲ ಕೊಟ್ಟು ಕಳುಹಿಸಿದ. ಅದೇ ಕಸುಬಿನ ಹೊಸಬನೊಬ್ಬನಿಗೆ ಹೀಗೆ ಕೈನೀಡುವವರು ಎಲ್ಲ ಕಾಲದಲ್ಲೂ ವಿರಳ. ಟಾಂಪಿಯನ್ ತೀರಿಕೊಂಡದ್ದು 1713ರಲ್ಲಿ, ಗ್ರಹಾಂ 1751ರಲ್ಲಿ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇಬ್ಬರಿಗೂ ಒಂದೇ ಸಮಾಧಿ. 1838ರಲ್ಲಿ ಯಾರೋ ಆ ಕಲ್ಲನ್ನು ಕಿತ್ತು ತೆಗೆಸಿದರು. 1866ರಲ್ಲಿ ಡೀನ್ ಸ್ಟ್ಯಾನ್ಲಿ ಅದನ್ನು ಮತ್ತೆ ಸ್ವಸ್ಥಾನದಲ್ಲಿ ಇರಿಸಿದರು.

ದೊರೆಯ ಗಡಿಯಾರದ ಕಥೆ ಇನ್ನೂ ಸ್ವಲ್ಪವಿದೆ. 1702ರಲ್ಲಿ ವಿಲಿಯಂ ಮರಣಹೊಂದಿದ ಮೇಲೆ ಅದು ಆತನ ಶಯನಾಗಾರದ ಅಧಿಕಾರಿ ಹೆನ್ರಿ ಸಿಡ್ನಿಯ ಪಾಲಾಯಿತು. ಮುಂದೆ ಮೋಸ್ಟಿನ್ ಮನೆತನದವರ ಕೈಸೇರಿ, 1982ರಲ್ಲಿ ಮ್ಯೂಸಿಯಮಿಗೆ ಬಂತು. ಆ ಮನೆಯಲ್ಲಿ ವರ್ಷಕ್ಕೊಮ್ಮೆ ಕೀಲಿ ಕೊಡುವ ದಿನ ಒಂದು ಸಮಾರಂಭವಂತೆ! ಅಂದು ಹಾಜರಿದ್ದವರ ಹೆಸರುಗಳನ್ನು 1793ರಿಂದ ಒಂದು ಪುಸ್ತಕದಲ್ಲಿ ದಾಖಲಿಸುತ್ತ ಬಂದಿದ್ದರು.

ಆ ಪುಸ್ತಕದ ವಿಷಯ ಓದಿದಾಗ ನಮಗೆ ನೆನಪಾದದ್ದು ನಮ್ಮ ಪ್ರವೇಶ ಪುಸ್ತಕ. ಇಲ್ಲಿಯೂ ಪ್ರತಿಯೊಂದು ಮಗುವಿಗೆ ಒಂದು ಕ್ರಮಸಂಖ್ಯೆಯಿದೆ. ಆದರೆ ಮೊದಲ ಸಂಪುಟದ ಆರಂಭದ ಹಾಳೆಗಳು ಎಂದೋ ಗೆದ್ದಲಿಗೆ ಆಹುತಿಯಾದವು. ಒಂದನೆಯ ಸಂಖ್ಯೆಯ ವಿದ್ಯಾರ್ಥಿ ಯಾರೆಂದು ಈ ಸಂಚಿಕೆಯಲ್ಲಿ ಮುದ್ರಿಸಲು ನಮಗೆ ಸಾಧ್ಯವಾಗಿಲ್ಲ. ಹಳೆಯ ವಿದ್ಯಾರ್ಥಿಗಳ ಮನೆಯ ಪೆಟ್ಟಿಗೆಗಳಲ್ಲಿ ಅಜ್ಜ ಅಜ್ಜಿಯರ ವರ್ಗಾವಣೆ ಪತ್ರಗಳಿದ್ದರೆ ದಯವಿಟ್ಟು ಕಚೇರಿಗೆ ತಂದು ತೋರಿಸಬೇಕು. ಹೆಸರು, ಸಂಖ್ಯೆ ಮತ್ತು ಇಸವಿಯನ್ನು ಬರೆದುಕೊಂಡು, ಪತ್ರವನ್ನು ಅಂದೇ ಹಿಂದಿರುಗಿಸುತ್ತೇವೆ. ಅದಕ್ಕಾಗಿ ಒಂದು ಹೊಸ ಪುಸ್ತಕಕ್ಕೆ ಈಗಾಗಲೇ ಗೆರೆ ಹಾಕಿಸಿ ಇಟ್ಟಿದ್ದೇವೆ.