ಆರ್ಗನ್ ನಿಂತ ಮೇಲೆ: ಬ್ರೂಕ್ಲಿನ್ನಿನ ಎಂಪೈರ್ ರಿಂಕಿನ ಚರಿತ್ರೆ (1941–2007)

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಕ್ರೌನ್ ಹೈಟ್ಸ್‌ನಲ್ಲಿದ್ದ ಎಂಪೈರ್ ರೋಲರ್‌ಡ್ರೋಮ್ ಎಂಬ ಸ್ಕೇಟಿಂಗ್ ರಿಂಕನ್ನು ‘ರೋಲರ್ ಡಿಸ್ಕೊದ ತವರು’ ಎಂದು ಕರೆಯುವುದು ರೂಢಿ. ಈ ಬಿರುದು ಸುಳ್ಳಲ್ಲ. ಆದರೆ ಅದನ್ನು ಒಪ್ಪಿಕೊಂಡ ಕೂಡಲೇ ರಿಂಕಿನ ಚರಿತ್ರೆ 1970ರ ದಶಕದ ಕೊನೆಯಲ್ಲಿ, ಬಣ್ಣದ ದೀಪಗಳ ಕೆಳಗೆ ಶುರುವಾಗಿಬಿಡುತ್ತದೆ. ಅದಕ್ಕಿಂತ ಬಹಳ ಮೊದಲೇ, 1957ರ ಸುಮಾರಿಗೆ, ಬ್ಲೂಸ್ ಸಂಗೀತದ ಒಂದು ಗ್ರಾಮಫೋನ್ ತಟ್ಟೆಯ ಮೂಲಕ ಈ ಅಂಗಳದ ನಡೆಯೇ ಬದಲಾಗಿತ್ತು. ರಿಂಕಿನಲ್ಲಿ ಯಾವ ಸಂಗೀತ ಕೇಳಬೇಕು ಎಂಬ ಪ್ರಶ್ನೆಯೂ ರಿಂಕು ಯಾರದು ಎಂಬ ಪ್ರಶ್ನೆಯೂ ಬೇರೆ ಬೇರೆಯಾಗಿರಲಿಲ್ಲ ಎಂಬುದು ನನ್ನ ವಾದ.

ಅಮೆರಿಕದ ರಿಂಕುಗಳು ಮೊದಲಿನಿಂದಲೂ ಒಳಬರುವವರನ್ನು ಆರಿಸಿಕೊಂಡೇ ಬಂದವು. 1863ರಲ್ಲಿ ಜೇಮ್ಸ್ ಪ್ಲಿಂಪ್ಟನ್ ಪೇಟೆಂಟ್ ಪಡೆದ ಸ್ಕೇಟಿನಲ್ಲಿ ಚಕ್ರದ ಅಚ್ಚು ಮತ್ತು ಪಾದದ ಹಲಗೆಯ ನಡುವೆ ರಬ್ಬರಿನ ಮೆತ್ತೆಯಿತ್ತು. ಮೈಯನ್ನು ಒಂದು ಕಡೆಗೆ ವಾಲಿಸಿದರೆ ಸಾಕು, ಚಕ್ರಗಳು ಆ ಕಡೆಗೆ ತಿರುಗುತ್ತಿದ್ದವು. ಅದಕ್ಕೂ ಮೊದಲಿನ ಸ್ಕೇಟುಗಳು ನೇರವಾಗಿ ಮಾತ್ರ ಸಲೀಸಾಗಿ ಓಡುತ್ತಿದ್ದುದರಿಂದ, ಚಕ್ರದ ಮೇಲೆ ಕುಣಿಯುವುದು ಸಾಧ್ಯವಾದದ್ದು ಈ ಮೆತ್ತೆಯಿಂದ ಎನ್ನಬಹುದು. 1866ರಲ್ಲಿ ಪ್ಲಿಂಪ್ಟನ್ ನ್ಯೂಪೋರ್ಟಿನ ಅಟ್ಲಾಂಟಿಕ್ ಹೌಸ್ ಹೋಟೆಲಿನಲ್ಲಿ ರಿಂಕು ತೆರೆದಾಗ ಅವರ ಕಣ್ಣಿದ್ದದ್ದು ಮೇಲ್ವರ್ಗದ ಮೇಲೆ. 1880ರ ದಶಕದಲ್ಲಿ ಪೇಟೆಂಟಿನ ಅವಧಿ ಮುಗಿದು, ಬಾಲ್ ಬೇರಿಂಗ್ ಕೂಡ ಬಂದ ಮೇಲೆ ಸ್ಕೇಟಿಂಗ್ ಊರೂರಿಗೂ ಹಬ್ಬಿತು.

ಆದರೂ ಕಪ್ಪು ಜನರಿಗೆ ಬಾಗಿಲು ತೆರೆಯಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಪ್ರತ್ಯೇಕತೆಯ ಕಾನೂನಿತ್ತು. ಉತ್ತರದ ನಗರಗಳಲ್ಲಿ ಕಾನೂನು ಇಲ್ಲದೆಯೇ ಅದೇ ಕೆಲಸ ನಡೆಯುತ್ತಿತ್ತು. 1942ರಲ್ಲಿ ಶಿಕಾಗೊದ ವೈಟ್ ಸಿಟಿ ರಿಂಕಿಗೆ ಕಪ್ಪು ಮತ್ತು ಬಿಳಿ ಕಾರ್ಯಕರ್ತರು ಜೊತೆಯಾಗಿ ಹೋದಾಗ, ಇವತ್ತು ಖಾಸಗಿ ಕ್ಲಬ್ಬಿನವರ ಕೂಟವಿದೆ ಎಂಬ ನೆಪ ಹೇಳಿ ಕಪ್ಪು ಜನರನ್ನು ತಡೆಯಲಾಯಿತು. ಹೊಸದಾಗಿ ಹುಟ್ಟಿದ್ದ ‘ಕೋರ್’ ಎಂಬ ಜನಾಂಗೀಯ ಸಮಾನತೆಯ ಸಂಘಟನೆ ಪಟ್ಟು ಹಿಡಿದು ಹೋರಾಡಿ, 1946ರಲ್ಲಿ ಆ ರಿಂಕಿನ ಬಾಗಿಲು ತೆರೆಸಿತು. ಡೆಟ್ರಾಯಿಟಿನ ಆರ್ಕೇಡಿಯಾ ರಿಂಕಿನಲ್ಲಿ ಕಪ್ಪು ಜನರಿಗೆಂದು ವಾರಕ್ಕೊಂದು ರಾತ್ರಿಯನ್ನು ಬಿಟ್ಟುಕೊಟ್ಟಿದ್ದರು. ಬಾಗಿಲಲ್ಲಿ ಫಲಕ ತೂಗುಹಾಕುವ ಅಗತ್ಯವೇ ಇರಲಿಲ್ಲ. ವೇಳಾಪಟ್ಟಿಯೇ ಗೋಡೆಯಾಗಿತ್ತು.

ಎಂಪೈರ್ ಶುರುವಾದದ್ದು 1941ರಲ್ಲಿ, ಎಂಪೈರ್ ಬುಲೆವಾರ್ಡಿನ ಹಳೆಯ ಗ್ಯಾರೇಜೊಂದರಲ್ಲಿ. ಬ್ರೂಕ್ಲಿನ್ ಡಾಜರ್ಸ್ ಬೇಸ್‌ಬಾಲ್ ತಂಡದ ಎಬೆಟ್ಸ್ ಫೀಲ್ಡ್ ಅಲ್ಲಿಂದ ಕೂಗಳತೆ ದೂರ. 1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಆ ಮೈದಾನಕ್ಕಿಳಿದು, ಇಪ್ಪತ್ತನೆಯ ಶತಮಾನದ ಮೇಜರ್ ಲೀಗ್ ಬೇಸ್‌ಬಾಲಿನ ವರ್ಣರೇಖೆಯನ್ನು ಮುರಿದರು. ಅದಾಗಿ ಹತ್ತು ವರ್ಷ ಕಳೆದರೂ ರಿಂಕಿನಲ್ಲಿ ಬಹುಪಾಲು ಬಿಳಿಯರೇ ಇದ್ದರು. ಕೇಳುತ್ತಿದ್ದದ್ದು ಆರ್ಗನ್ ವಾದನ. ಆರ್ಗನ್‌ವಾದಕ ವಾಲ್ಟ್ಸ್ ಮತ್ತು ಫಾಕ್ಸ್‌ಟ್ರಾಟ್‌ಗಳನ್ನು ಗಡಿಯಾರದಷ್ಟು ಕರಾರುವಾಕ್ಕಾಗಿ ನುಡಿಸುತ್ತಿದ್ದರೆ, ಜೋಡಿಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಸುತ್ತು ಹಾಕುವುದು ಅಂದಿನ ರಿಂಕುಗಳ ಶೈಲಿ.

ಇಂಥ ರಿಂಕಿಗೆ 1957ರಲ್ಲಿ ಬಂದವರು ಬಿಲ್ ಬಟ್ಲರ್. ವಾಯುಪಡೆಯಲ್ಲಿದ್ದ ಅವರು ಸ್ಕೇಟಿಂಗ್ ಕಲಿತದ್ದು ಡೆಟ್ರಾಯಿಟಿನಲ್ಲಿ, ಮೇಲೆ ಹೇಳಿದ ಆ ಒಂದು ರಾತ್ರಿಯ ಪಾಳಿಯಲ್ಲಿ. ಜಿಮ್ಮಿ ಫಾರೆಸ್ಟ್ ಅವರ ‘ನೈಟ್ ಟ್ರೇನ್’ ಹಾಕಿ ಎಂದು ಅವರು ಎಂಪೈರಿನಲ್ಲಿ ಕೇಳಿಕೊಂಡದ್ದು ಸ್ಕೇಟರುಗಳ ನಡುವೆ ಇಂದಿಗೂ ಬಾಯಿಂದ ಬಾಯಿಗೆ ಸಾಗಿಬರುವ ಕಥೆ. 1950ರ ದಶಕದ ಆರಂಭದ ಆ ಬ್ಲೂಸ್ ತಟ್ಟೆಯ ತಾಳ ನಿಧಾನದ್ದು, ತೂಗಾಡುವಂಥದ್ದು. ಅದಕ್ಕೆ ನೆಟ್ಟಗೆ ನಿಂತು ಸುತ್ತು ಹಾಕಲಾಗದು. ಮಂಡಿ ಬಾಗಿಸಬೇಕು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ತಾಳದ ಪೆಟ್ಟಿಗೆ ಸರಿಯಾಗಿ ಬಿಟ್ಟುಕೊಡಬೇಕು, ಪೆಟ್ಟುಗಳ ನಡುವಿನ ಬಿಡುವಿನಲ್ಲಿ ಸೊಂಟ, ಭುಜಗಳಿಗೂ ಕೆಲಸ ಕೊಡಬೇಕು. ಪ್ಲಿಂಪ್ಟನ್ನರ ರಬ್ಬರ್ ಮೆತ್ತೆ ಬಾಗಲು ಕೊಟ್ಟಿದ್ದ ಸ್ವಾತಂತ್ರ್ಯ ಪೂರ್ತಿ ಬಳಕೆಗೆ ಬಂದದ್ದು ಇಂಥ ಸಂಗೀತದಲ್ಲಿ ಎಂದು ನಾನು ನಂಬುತ್ತೇನೆ. ಬಟ್ಲರ್ ಇದನ್ನು ‘ಜ್ಯಾಮಿಂಗ್’ ಎಂದರು. 1979ರಲ್ಲಿ ಇದರ ಮೇಲೊಂದು ಕೈಪಿಡಿಯನ್ನೂ ಬರೆದರು. ಕ್ರಮೇಣ ಆರ್ಗನ್ ಹಿಂದೆ ಸರಿಯಿತು, ಡಿಜೆಗಳು ಬಂದರು. ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳು ಕ್ರೌನ್ ಹೈಟ್ಸ್‌ನಲ್ಲಿ ನೆಲೆಸುತ್ತಿದ್ದ, ಬಿಳಿಯರು ಉಪನಗರಗಳತ್ತ ಗುಳೆ ಹೋಗುತ್ತಿದ್ದ ಕಾಲವದು. ಬಡಾವಣೆ ಬದಲಾದ್ದರಿಂದಲೇ ರಿಂಕೂ ಬದಲಾಯಿತು ಎಂಬ ವಿವರಣೆ ಇದೆ. ಅದು ಅರ್ಧ ಮಾತ್ರ ಸರಿ. ಹೊಸ ನೆರೆಹೊರೆಯವರು ರಿಂಕಿಗೆ ಬರಬೇಕಾದರೆ ಒಳಗೆ ಅವರ ಸಂಗೀತ ಇರಬೇಕಿತ್ತು.

ಡಿಸ್ಕೊ ಬಂದದ್ದು ಹೀಗೆ ಹದವಾಗಿದ್ದ ನೆಲಕ್ಕೆ. ನೆಲವನ್ನು ಚೆನ್ನಾಗಿ ಹಿಡಿಯುವ, ಸದ್ದು ಕಡಿಮೆಯ ಪಾಲಿಯುರೇಥೇನ್ ಚಕ್ರಗಳು 1970ರ ದಶಕದಲ್ಲಿ ಬಳಕೆಗೆ ಬಂದವು. ಗಾಯಕಿ ಷೆರ್ ಅವರಂಥ ತಾರೆಯರು ಎಂಪೈರಿಗೆ ಬಂದು ಸ್ಕೇಟ್ ಕಟ್ಟಿಕೊಂಡರು. ಅವರ ‘ಹೆಲ್ ಆನ್ ವೀಲ್ಸ್’ ಹಾಡು ಹೊರಬಂದದ್ದು 1979ರಲ್ಲಿ. ಹಾಲಿವುಡ್ ಅದೇ ವರ್ಷ ‘ರೋಲರ್ ಬೂಗಿ’ ಎಂಬ ಚಿತ್ರ ತೆಗೆಯಿತು. ಹೊರಗಿನವರ ಈ ಉತ್ಸಾಹ ಕೆಲವೇ ವರ್ಷಗಳಲ್ಲಿ ಇಳಿಯಿತು. ಎಂಪೈರ್ ಮಾತ್ರ ಡಿಸ್ಕೊದ ಅಲೆ ಇಳಿದ ಮೇಲೂ ಕಾಲು ಶತಮಾನ ನಡೆಯಿತು. ಬಿರುದು ಮರೆಮಾಡುವುದು ಇದನ್ನೇ: ತಾರೆಯರು ಬರುವ ಮೊದಲೂ, ಹೋದ ಮೇಲೂ ಅಲ್ಲಿ ಸುತ್ತು ಹಾಕುತ್ತಿದ್ದವರು ಬ್ರೂಕ್ಲಿನ್ನಿನ ಸಾಮಾನ್ಯ ಜನ.

ಹಳೆಯ ವೇಳಾಪಟ್ಟಿಯ ನೀತಿ ದೇಶದ ಇತರೆಡೆ ಹೆಸರು ಬದಲಿಸಿಕೊಂಡು ಉಳಿದೇ ಇತ್ತು. ‘ಸೋಲ್ ನೈಟ್’, ಆಮೇಲೆ ‘ಅಡಲ್ಟ್ ನೈಟ್’ ಎಂಬ ಹೆಸರುಗಳಲ್ಲಿ ಕಪ್ಪು ಸ್ಕೇಟರುಗಳಿಗೆ ಬೇರೆ ರಾತ್ರಿಗಳಿದ್ದವು. ಅವರ ಶೈಲಿಗೆ ಬೇಕಾದ ಸಣ್ಣ ಚಕ್ರಗಳನ್ನೂ ರ‍್ಯಾಪ್ ಸಂಗೀತವನ್ನೂ ನಿಷೇಧಿಸಿದ ರಿಂಕುಗಳಿವೆ ಎಂಬುದನ್ನು 2018ರ ‘ಯುನೈಟೆಡ್ ಸ್ಕೇಟ್ಸ್’ ಸಾಕ್ಷ್ಯಚಿತ್ರ ದಾಖಲಿಸಿದೆ.

2007ರ ಮಾರ್ಚಿನಲ್ಲಿ ಮ್ಯಾನ್‌ಹ್ಯಾಟನ್ನಿನ ರಾಕ್ಸಿ ರಿಂಕು, ಏಪ್ರಿಲಿನಲ್ಲಿ ಎಂಪೈರ್ ಮುಚ್ಚಿದವು. ಇದನ್ನು ಅಭಿರುಚಿ ಬದಲಾದುದರ ಫಲ ಎನ್ನುವವರೊಡನೆ ನನಗೆ ಸಹಮತವಿಲ್ಲ. ದೊಡ್ಡ ತೆರೆದ ಅಂಗಳ ಬೇಡುವ ರಿಂಕು, ಭೂಮಿಯ ಬೆಲೆ ಏರುತ್ತಿರುವ ನಗರದಲ್ಲಿ, ಅದೇ ಜಾಗವನ್ನು ಚಿಕ್ಕ ಚಿಕ್ಕ ಕೋಣೆಗಳಾಗಿ ಬಾಡಿಗೆಗೆ ಕೊಡುವ ವ್ಯಾಪಾರದ ಎದುರು ನಿಲ್ಲಲಾರದು. ಎಂಪೈರಿನ ಕಟ್ಟಡ ಮನೆಸಾಮಾನು ಇರಿಸುವ ಬಾಡಿಗೆ ಗೋದಾಮಾಯಿತು. ಸ್ಕೇಟರುಗಳು ಬೇರೆ ರಿಂಕುಗಳಿಗೆ ಚದುರಿದರು. ಬೇಸಿಗೆಯ ವಾರಾಂತ್ಯಗಳಲ್ಲಿ ಸೆಂಟ್ರಲ್ ಪಾರ್ಕಿನ ‘ಸ್ಕೇಟ್ ಸರ್ಕಲ್’ ಎಂಬ ಬಯಲಲ್ಲಿ ಸಂಗೀತಕ್ಕೆ ಸ್ಕೇಟ್ ಮಾಡುವ ಪದ್ಧತಿ ಉಳಿದಿದೆ. ಅದನ್ನು ನಡೆಸಿಕೊಂಡು ಬಂದದ್ದು 1995ರಲ್ಲಿ ಸ್ಕೇಟರುಗಳೇ ಕಟ್ಟಿಕೊಂಡ ಸಂಘ. ಅಲ್ಲಿ ಟಿಕೆಟ್ಟಿಲ್ಲ, ಯಾರು ಬೇಕಾದರೂ ಸುತ್ತಿಗೆ ಇಳಿಯಬಹುದು.